ಹಿತ್ತಲಿಗೆ ನಾಯಿ ನುಗ್ಗಿದ ಮೇಲೆ ಉಳಿದ ಕೋಳಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಗೋವಾದ ಫೋಂಡಾ ಹತ್ತಿರದ ಒಂದು ಹಳ್ಳಿಯಲ್ಲಿ. ಹಿತ್ತಲಲ್ಲಿ ಏಳು ಜವಾರಿ ಕೋಳಿ ಇದ್ದವು. ಒಂದು ಜುಲೈ ಸಂಜೆ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಕೋಳಿಗಳನ್ನು ಹೊರಗೆ ಬಿಟ್ಟು ಚಹಾ ಇಡಲು ಒಳಗೆ ಹೋದೆ. ಚಹಾ ಕುದಿಯುವಷ್ಟರಲ್ಲಿ ಪಕ್ಕದ ಮನೆಯ ಎರಡು ನಾಯಿ ಬಂದು ಹೋಗಿದ್ದವು. ಒಂದು ಕೋಳಿ ಅಲ್ಲೇ ಸತ್ತಿತ್ತು. ಇನ್ನೊಂದು ಮರುದಿನ ಬೆಳಗ್ಗೆ ಹೋಯಿತು. ಐದು ಉಳಿದವು.

ಆಮೇಲೆ ಇಲ್ಲಿನ ಕನ್ನಡದವರ ನಡುವೆ ನನಗೆ 'ಕೋಳಿ ಡಾಕ್ಟರ್' ಅಂತ ಹೆಸರು ಬಿತ್ತು. ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಮಾಪುಸಾದ ಶುಕ್ರವಾರದ ಸಂತೆಯಲ್ಲಿ, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಜನ ಕೇಳಿದ್ದನ್ನೇ ಇಲ್ಲಿ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ಒಂದು ಸಲ ಪೆಟ್ಟು ತಿಂದು ಕಲಿತವನು, ಅಷ್ಟೇ.

## ಮೊದಲ ಒಂದು ಗಂಟೆ

ನಾಯಿ ಈಗಷ್ಟೇ ಓಡಿಹೋಯ್ತು. ಮೊದಲು ಏನು ಮಾಡ್ಲಿ?

ಕೋಳಿ ಎಣಿಸಿ. ತಮಾಷೆಯಲ್ಲ, ಇದೇ ಮೊದಲ ಕೆಲಸ. ಹೆದರಿದ ಕೋಳಿ ಬಾಳೆಗಿಡದ ಬುಡದಲ್ಲೋ ಸೌದೆ ರಾಶಿಯ ಹಿಂದೆಯೋ ತೂರಿಕೊಂಡು ಉಸಿರೆತ್ತದೆ ಕೂತಿರುತ್ತದೆ. ಕರೆದರೂ ಬರುವುದಿಲ್ಲ. ಕತ್ತಲಾದರೆ ಸಿಗುವುದೂ ಇಲ್ಲ. ನಮ್ಮದೊಂದು ಬಾವಿಕಟ್ಟೆ ಹಿಂದೆ ಸಿಕ್ಕಿತು, ಅದೂ ಒಂದು ಗಂಟೆ ಬಿಟ್ಟು.

ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಒಂದೂವರೆ ಕಿಲೋ ಕೋಳಿಯ ಮೈಯಲ್ಲಿ ಇರುವ ರಕ್ತವೇ ಸುಮಾರು 100 ಮಿಲಿ, ಒಂದು ಸಣ್ಣ ಲೋಟದಷ್ಟು. ನಮಗೆ ಸ್ವಲ್ಪ ಅನ್ನಿಸಿದ್ದು ಅದಕ್ಕೆ ಬಹಳ.

ರಕ್ತ ನಿಂತ ಮೇಲೆ ರಟ್ಟಿನ ಡಬ್ಬಿಯಲ್ಲಿ ಹಳೆ ಟವೆಲ್ ಹಾಸಿ ಕೂರಿಸಿ. ಗಾಳಿಗೆ ತೂತು ಇರಲಿ. ಡಬ್ಬಿ ಕತ್ತಲೆಯ, ಬೆಚ್ಚಗಿನ, ಸದ್ದಿಲ್ಲದ ಜಾಗದಲ್ಲಿರಲಿ. ಕೋಳಿಯ ಮೈ ಬಿಸಿ ಮಾಮೂಲಾಗಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಆಘಾತ ಆದಾಗ ಅದು ಇಳಿಯುತ್ತದೆ. ಮಳೆಯಲ್ಲಿ ನೆಂದಿದ್ದರೆ ಇನ್ನೂ ಬೇಗ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬಿಯ ಒಂದೇ ಬದಿಗೆ ಇಡಿ. ಸೆಖೆ ಅನ್ನಿಸಿದರೆ ಅದು ಇನ್ನೊಂದು ಬದಿಗೆ ಸರಿಯಲು ಜಾಗ ಬೇಕಲ್ಲ.

ಕೋಳಿ ಅಲ್ಲಾಡ್ತಾನೇ ಇಲ್ಲ. ಕಣ್ಣು ಮಾತ್ರ ತೆರೆದಿದೆ. ಸತ್ತಿದೆಯಾ?

ಅವಸರ ಬೇಡ. ಹಿಡಿದ ಪ್ರಾಣಿಯಿಂದ ತಪ್ಪಿಸಿಕೊಳ್ಳಲು ಕೋಳಿ ಸತ್ತಂತೆ ಬಿದ್ದುಕೊಳ್ಳುತ್ತದೆ. ಅದು ನಾಟಕವಲ್ಲ, ಮೈ ತಾನಾಗಿಯೇ ಸೆಟೆದು ನಿಲ್ಲುತ್ತದೆ. ಕೆಲವು ಸೆಕೆಂಡಿನಿಂದ ಹಲವು ನಿಮಿಷದವರೆಗೂ ಹಾಗೇ ಇರಬಹುದು. ಎದೆಯ ಮೇಲೆ ಮೆತ್ತಗೆ ಬೆರಳಿಟ್ಟು ಉಸಿರು ಇದೆಯಾ ನೋಡಿ. ಕೆಂಚಿ ಅನ್ನೋ ನಮ್ಮ ಕೆಂಪು ಹೇಟೆಯನ್ನು ನಾನೇ ಸತ್ತಿದೆ ಅಂತ ಸತ್ತ ಕೋಳಿಯ ಪಕ್ಕ ಮಲಗಿಸಿದ್ದೆ. ಗುದ್ದಲಿ ತಂದು ಬರುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಅವತ್ತಿನಿಂದ ನಾನು ಗುದ್ದಲಿಗೆ ಅವಸರ ಮಾಡುವುದಿಲ್ಲ.

ಬಾಯಿಗೆ ಸ್ವಲ್ಪ ನೀರು ಬಿಡ್ಲಾ? ಪಕ್ಕದವರು ಎರಡು ಹನಿ ಫೆನಿ ಸಾರಾಯಿ ಹಾಕು ಅಂತಾರೆ.

ಎರಡೂ ಬೇಡ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಸುಸ್ತಾದ ಕೋಳಿಗೆ ಕೊಕ್ಕು ಬಿಡಿಸಿ ನೀರು ಹೊಯ್ದರೆ ಅದು ಸೀದಾ ಶ್ವಾಸಕೋಶಕ್ಕೆ ಹೋಗಬಹುದು. ನಾಯಿಯಿಂದ ಉಳಿದದ್ದು ನಮ್ಮ ಕೈಯಲ್ಲಿ ಸಾಯಬಾರದು ಅಲ್ವಾ? ತಲೆ ಎತ್ತಿ ಕೂತ ಮೇಲೆ ತಗ್ಗು ಬಟ್ಟಲಲ್ಲಿ ನೀರಿಡಿ. ಬೇಕಾದರೆ ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ. ಬಾಯಾರಿದ್ದರೆ ತಾನೇ ಕುಡಿಯುತ್ತದೆ. ಮೊದಲ ದಿನ ಓಆರ್‌ಎಸ್ ಬೆರೆಸಿದ ನೀರು ಒಳ್ಳೆಯದು. ಫೆನಿ ಪಕ್ಕದವರಿಗೇ ಇರಲಿ.

ರಕ್ತವೇ ಇಲ್ಲ, ನಡೆದಾಡ್ತಿದೆ. ಹಾಗಾದ್ರೆ ಬಚಾವ್ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವುದು ಇದನ್ನೇ. ಜಾಸ್ತಿ ಕೋಳಿ ಸಾಯುವುದೂ ಇಲ್ಲೇ.

ಮರುದಿನ ಸತ್ತ ನಮ್ಮ ಕರಿ ಕೋಳಿಯ ಮೇಲೆ ಒಂದು ಹನಿ ರಕ್ತ ಇರಲಿಲ್ಲ. ಸಂಜೆ ಎರಡು ಕಾಳು ಅಕ್ಕಿಯನ್ನೂ ತಿಂದಿತು. ಪುಕ್ಕ ಕಿತ್ತು ಬೆನ್ನು ಕೆಂಪಾಗಿದ್ದ ಕೆಂಚಿಯ ಮೇಲೇ ನಮ್ಮೆಲ್ಲರ ಗಮನ. ಬೆಳಗ್ಗೆ ನೋಡಿದರೆ ಕರಿ ಕೋಳಿ ಗೂಡಿನ ಮೂಲೆಯಲ್ಲಿ ತಣ್ಣಗಾಗಿತ್ತು. ಹೂಳುವ ಮೊದಲು ರೆಕ್ಕೆ ಎತ್ತಿದೆ. ಕಂಕುಳಲ್ಲಿ ಎರಡು ಚುಕ್ಕಿ, ತೊಗರಿ ಕಾಳಿಗಿಂತ ಚಿಕ್ಕವು. ಅದರ ಸುತ್ತ ಅಂಗೈಯಷ್ಟು ಜಾಗ ಊದಿ ಕಪ್ಪಾಗಿತ್ತು.

ನಾಯಿ ಕಚ್ಚಿ ಅಲ್ಲಾಡಿಸುತ್ತದೆ. ಹಲ್ಲು ಚರ್ಮದಲ್ಲಿ ಸಣ್ಣ ತೂತು ಮಾಡಿ ಒಳಗಿನ ಮಾಂಸವನ್ನು ಹರಿಯುತ್ತದೆ. ಪುಕ್ಕ ಮೇಲಿಂದ ಮುಚ್ಚಿಬಿಡುತ್ತದೆ. ಇನ್ನು ಕೋಳಿ ತನ್ನ ನೋವನ್ನು ತೋರಿಸುವ ಜಾತಿಯಲ್ಲ. ಗುಂಪಿನಲ್ಲಿ ಸೊರಗಿದಂತೆ ಕಂಡರೆ ಉಳಿದವು ಮೇಲೆ ಬೀಳುತ್ತವೆ ಅಂತ ಕೊನೆಯ ಗಳಿಗೆವರೆಗೂ ಮೇಯುವ ಹಾಗೆ ಮಾಡುತ್ತದೆ.

ಹಾಗಾಗಿ ಅರ್ಧ ಗಂಟೆ ಸುಧಾರಿಸಿಕೊಳ್ಳಲು ಬಿಟ್ಟು ಪ್ರತಿಯೊಂದು ಕೋಳಿಯನ್ನೂ ಕೈಗೆ ತೆಗೆದುಕೊಳ್ಳಿ. ಟಾರ್ಚ್ ಹಿಡಿಯಲು ಇನ್ನೊಬ್ಬರು ಬೇಕು. ಪುಕ್ಕದ ಎದುರಿಗೆ ಬಾಯಿಂದ ಊದಿ. ಪುಕ್ಕ ಬಿಡಿಸಿಕೊಂಡು ಚರ್ಮ ಕಾಣುತ್ತದೆ. ಬೆನ್ನು, ಬಾಲದ ಬುಡ, ಎರಡೂ ಕಂಕುಳು, ತೊಡೆಯ ಒಳಭಾಗ, ಕುತ್ತಿಗೆ, ಹೀಗೆ ಬೆರಳಳತೆಯಲ್ಲಿ ನೋಡುತ್ತಾ ಬನ್ನಿ. ಪುಕ್ಕ ಒದ್ದೆಯಾಗಿ ಅಂಟಿಕೊಂಡ ಕಡೆ ನಾಯಿಯ ಬಾಯಿ ತಾಗಿದೆ ಅಂತ ಅರ್ಥ, ಅಲ್ಲಿ ಎರಡು ಸಲ ನೋಡಿ. ಜುಟ್ಟು ಬಿಳಚಿಕೊಂಡಿದ್ದರೆ ಒಳಗೊಳಗೇ ರಕ್ತ ಸೋರಿರಬಹುದು.

## ಗಾಯ ಮತ್ತು ಮದ್ದು

ಏನು ಹಾಕಿ ತೊಳೀಬೇಕು? ಅರಿಶಿನ ಸಾಲಲ್ವಾ?

ಕುದಿಸಿ ಆರಿಸಿದ ನೀರು ಅರ್ಧ ಲೀಟರ್, ಅದಕ್ಕೆ ಒಂದು ಸಣ್ಣ ಚಮಚ ಉಪ್ಪು. ಸೂಜಿ ತೆಗೆದ ಸಿರಿಂಜಿನಿಂದ ಗಾಯದ ಮೇಲೆ ಹಾಯಿಸಿ, ಮಣ್ಣು ಪುಕ್ಕ ಎಲ್ಲ ಹೋಗುವ ತನಕ. ಧಾರಾಳವಾಗಿ ತೊಳೆಯುವುದೇ ಅರ್ಧ ಮದ್ದು. ಎದೆ ಹೊಟ್ಟೆಯ ಆಳದ ತೂತಿನೊಳಗೆ ಮಾತ್ರ ನೀರು ನುಗ್ಗಿಸಬೇಡಿ, ಮೇಲಷ್ಟೇ ತೊಳೆಯಿರಿ. ಆಮೇಲೆ ಪೊವಿಡೋನ್ ಅಯೋಡಿನ್ ಅನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಹಚ್ಚಿ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಬೇಡ. ಅವು ಚೆನ್ನಾಗಿರುವ ಮಾಂಸವನ್ನೂ ಸುಡುತ್ತವೆ.

ಅರಿಶಿನದ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮಮ್ಮ ಎಲ್ಲದಕ್ಕೂ ಅದನ್ನೇ ಹಚ್ಚುತ್ತಿದ್ದರು. ಆದರೆ ತೂತಿನ ಗಾಯಕ್ಕೆ ಅರಿಶಿನ ಮೆತ್ತಿದರೆ ಬಾಯಿ ಮುಚ್ಚಿ ಒಳಗೆ ಕೊಳೆಯುತ್ತದೆ, ಗಾಯ ಹೇಗಿದೆ ಅಂತ ಕಾಣುವುದೂ ಇಲ್ಲ. ಮನುಷ್ಯರಿಗೆ ಅಂತ ಮಾರುವ ನೋವು ಮರಗಟ್ಟಿಸುವ ಮುಲಾಮುಗಳನ್ನೂ ಹಚ್ಚಬೇಡಿ. ಹಕ್ಕಿಗಳಿಗೆ ಅವು ಸುಲಭವಾಗಿ ವಿಷವಾಗುತ್ತವೆ.

ಹಲ್ಲಿನ ತೂತನ್ನ ಅಂಟು ಹಾಕಿ ಮುಚ್ಚಿಬಿಡ್ಲಾ?

ಬೇಡವೇ ಬೇಡ. ನಾಯಿಯ ಬಾಯಲ್ಲಿರುವ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾ ಒಳಗೇ ಉಳಿದುಬಿಡುತ್ತವೆ. ಅದರ ಮೇಲೆ, ಕೋಳಿಯ ಕೀವು ನಮ್ಮದರಂತೆ ಸೋರಿ ಹೋಗುವುದಿಲ್ಲ. ಪನೀರಿನ ಹಾಗೆ ಗಟ್ಟಿಯಾಗಿ ಒಳಗೇ ಗಂಟು ಕಟ್ಟುತ್ತದೆ. ಆಮೇಲೆ ಡಾಕ್ಟರ್ ಕೊಯ್ದು ತೆಗೆಯಬೇಕು. ಚರ್ಮ ದೊಡ್ಡದಾಗಿ ಹರಿದು ಜೋತು ಬಿದ್ದಿದ್ದರೆ ಹೊಲಿಗೆ ಬೇಕಾಗಬಹುದು, ಅದನ್ನು ಡಾಕ್ಟರೇ ನೋಡಲಿ.

ಚರ್ಮದ ಕೆಳಗೆ ಗಾಳಿ ತುಂಬಿದ ಹಾಗೆ ಉಬ್ಬಿದೆ. ಒತ್ತಿದ್ರೆ ಚರಚರ ಅನ್ನುತ್ತೆ.

ಕೋಳಿಯ ಮೈಯೊಳಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಇರುತ್ತವೆ. ಹಲ್ಲು ತಾಗಿ ಚೀಲ ಒಡೆದರೆ ಗಾಳಿ ಚರ್ಮದ ಕೆಳಗೆ ಸೋರುತ್ತದೆ. ನೋಡಲು ಭಯಂಕರ. ಆದರೆ ಉಸಿರಾಟ ಸರಿಯಿದ್ದು ಉಬ್ಬು ಹೆಚ್ಚದಿದ್ದರೆ ಎಷ್ಟೋ ಸಲ ತಾನೇ ಇಳಿಯುತ್ತದೆ. ಬಾಯಿ ತೆರೆದು, ಬಾಲ ಮೇಲೆ ಕೆಳಗೆ ಆಡಿಸುತ್ತಾ ಉಸಿರಾಡುತ್ತಿದ್ದರೆ ಅವತ್ತೇ ಡಾಕ್ಟರ್ ಬೇಕು. ಮನೆಯಲ್ಲಿ ಸೂಜಿ ಚುಚ್ಚುವ ಸಾಹಸ ಬೇಡ.

ಎರಡನೇ ದಿನ ಚರ್ಮ ಹಸಿರಾಗಿದೆ. ಕೊಳೀತಿದೆಯಾ?

ಬಹುತೇಕ ಇಲ್ಲ. ನಮಗೆ ಪೆಟ್ಟಾದರೆ ಮೊದಲು ನೀಲಿ, ಆಮೇಲೆ ಹಳದಿ. ಕೋಳಿಗೆ ಹಸಿರು. ಹೆಪ್ಪುಗಟ್ಟಿದ ರಕ್ತ ಒಡೆದಾಗ ಬರುವ ಹಸಿರು ಬಣ್ಣವನ್ನು ಮುಂದೆ ಹಳದಿ ಮಾಡುವ ವ್ಯವಸ್ಥೆ ಹಕ್ಕಿಗಳಲ್ಲಿ ಇಲ್ಲ. ಕೆಂಚಿಯ ತೊಡೆ ಎಳೆ ಬಾಳೆ ಎಲೆಯ ಬಣ್ಣಕ್ಕೆ ತಿರುಗಿದಾಗ ನಾನೂ ಗಾಬರಿಯಾಗಿದ್ದೆ. ಮೂಗಿನಿಂದ ತೀರ್ಮಾನಿಸಿ. ಕೆಟ್ಟ ವಾಸನೆ, ಕಪ್ಪು ಬಣ್ಣ, ಜಿನುಗು ಇದ್ದರೆ ಅದು ಕೊಳೆತ. ಬರೀ ಹಸಿರು ಅಂದರೆ ಮೂಗೇಟು.

ರೆಕ್ಕೆ ಜೋತು ಬಿದ್ದಿದೆ. ನಾನೇ ಕಟ್ಟಬಹುದಾ?

ಮೂಳೆ ಹೊರಗೆ ಬಂದಿಲ್ಲ ಅಂದರೆ ತಾತ್ಕಾಲಿಕವಾಗಿ ಕಟ್ಟಬಹುದು. ರೆಕ್ಕೆಯನ್ನು ಅದು ಮಾಮೂಲಾಗಿ ಮಡಚುವ ಹಾಗೇ ಮಡಚಿ ಮೆತ್ತನೆ ಬ್ಯಾಂಡೇಜ್ ಸುತ್ತಿ. ಎದೆಯ ಸುತ್ತ ಬಿಗಿ ಮಾತ್ರ ಬೇಡ. ಹಕ್ಕಿಗೆ ನಮ್ಮಂತೆ ವಪೆ (ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಗೂಡನ್ನೇ ಹಿಗ್ಗಿಸಿ ಉಸಿರಾಡಬೇಕು. ಬಿಗಿದರೆ ಉಸಿರು ಕಟ್ಟುತ್ತದೆ. ಮಕ್ಕಳು ಪ್ರೀತಿಯಿಂದ ಅಪ್ಪಿ ಹಿಡಿದಾಗಲೂ ಇದೇ ಅಪಾಯ.

ಮಳೆಗಾಲ. ಗಾಯಕ್ಕೆ ಹುಳ ಬಿದ್ದರೆ?

ಗೋವಾದ ಮಳೆಯಲ್ಲಿ ನನಗೆ ನಾಯಿಗಿಂತ ಹೆದರಿಕೆ ನೊಣದ್ದು. ಗಾಯದ ಮೇಲೆ ಇಟ್ಟ ಮೊಟ್ಟೆ ಒಂದು ದಿನದೊಳಗೆ ಹುಳವಾಗುತ್ತದೆ. ಹಾಗಾಗಿ ಕೋಳಿ ಮನೆಯೊಳಗೆ ಇರಲಿ, ಡಬ್ಬಿಗೆ ಸೊಳ್ಳೆ ಪರದೆ ಹೊದಿಸಿ, ಹಿಕ್ಕೆ ಅಂಟಿದ ಹಾಸನ್ನು ದಿನಕ್ಕೆ ಎರಡು ಸಲ ಬದಲಿಸಿ. ಬೆಳಗ್ಗೆ ಸಂಜೆ ಗಾಯ ನೋಡಿ. ಅಕ್ಕಿ ನುಚ್ಚಿನಂಥ ಬಿಳಿ ಗುಂಪು ಕಂಡರೆ ಅದು ನೊಣದ ಮೊಟ್ಟೆ, ಒರೆಸಿ ತೆಗೆಯಿರಿ. ಹುಳ ಆಗಿದ್ದರೆ ಚಿಮುಟದಿಂದ ಒಂದೊಂದಾಗಿ ತೆಗೆದು ಉಪ್ಪುನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್ ಎಣ್ಣೆಯನ್ನು ಕೋಳಿಗೆ ಸುರಿಯಬೇಡಿ.

ಒಂದು ಕೋಳಿಗೆ ಡಾಕ್ಟರ್ ಹತ್ರ ಹೋಗ್ಬೇಕಾ? ನಗಲ್ವಾ?

ನಗಬಹುದು. ಹೋಗಿ. ನಾನು ಮೊದಲು ಫೋನ್ ಮಾಡಿದ ಕಡೆ "ಕೊಂಬಿಯಾ?" (ಕೊಂಕಣಿಯಲ್ಲಿ 'ಕೋಳಿಯಾ?') ಅಂತ ಕೇಳಿ ಫೋನ್ ಇಟ್ಟರು. ಎರಡನೇ ಕಡೆ ಕರೆದು ನೋಡಿದರು. ನಾಯಿ ಬೆಕ್ಕು ಮಾತ್ರ ನೋಡುವವರು ಕೆಲವರು ಇರುತ್ತಾರೆ, ಹೊರಡುವ ಮೊದಲೇ 'ಹಕ್ಕಿ ನೋಡ್ತೀರಾ' ಅಂತ ಕೇಳಿಬಿಡಿ. ತಾಲೂಕಿನ ಸರಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಹಲ್ಲು ಚರ್ಮ ದಾಟಿದ್ದರೆ 24 ಗಂಟೆಯೊಳಗೆ ತೋರಿಸಿ. ಇಲ್ಲಿ ಆಂಟಿಬಯೋಟಿಕ್ ಮುಖ್ಯ, ಆದರೆ ಯಾವುದು, ಎಷ್ಟು, ಎಷ್ಟು ದಿನ ಅನ್ನುವುದನ್ನು ಅವರೇ ಹೇಳಬೇಕು. ಮನೆಯಲ್ಲಿ ಉಳಿದ ಮಾತ್ರೆಯ ಕಾಲು ತುಂಡು ಕೊಡುವ ಲೆಕ್ಕ ಬೇಡ. ಕರುಳು ಹೊರಬಂದಿದ್ದರೆ, ಎರಡೂ ಕಾಲು ಸ್ವಾಧೀನ ತಪ್ಪಿದ್ದರೆ, ನೋವಿಲ್ಲದೆ ಮುಗಿಸಿ ಅಂತ ಡಾಕ್ಟರನ್ನು ಕೇಳುವುದರಲ್ಲಿ ನಾಚಿಕೆ ಇಲ್ಲ.

ಕೋಳಿಗೆ, ಅದರಿಂದ ನಮಗೆ, ಹುಚ್ಚುನಾಯಿ ರೋಗ ಬರುತ್ತಾ?

ರೇಬಿಸ್ ಸಸ್ತನಿಗಳ ರೋಗ. ಕೋಳಿಯಿಂದ ಬರುವ ಚಿಂತೆ ಬೇಡ. ಆದರೆ ಬಿಡಿಸಲು ಹೋದಾಗ ನಾಯಿ ನಿಮಗೇ ಕಚ್ಚಿದರೆ ಅಥವಾ ಪರಚಿದರೆ? ಕೋಳಿಯನ್ನು ಬೇರೆಯವರ ಕೈಗೆ ಕೊಟ್ಟು, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಲಸಿಕೆಗೆ ಹೋಗಿ. ಗೋವಾವನ್ನು 2021ರಲ್ಲಿ ರೇಬಿಸ್ ನಿಯಂತ್ರಿತ ರಾಜ್ಯ ಅಂತ ಘೋಷಿಸಿದ್ದಾರೆ ನಿಜ. ಆ ಧೈರ್ಯದ ಮೇಲೆ ಸೂಜಿ ತಪ್ಪಿಸಬೇಡಿ. ನಾಯಿಯ ಜೊಲ್ಲು ಅಂಟಿದ ಪುಕ್ಕ ಮುಟ್ಟುವಾಗ ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ.

ಸತ್ತಿದ್ದನ್ನ ಸಾರು ಮಾಡಬಹುದಾ? ಸುಮ್ನೆ ಹಾಳಾಗುತ್ತಲ್ಲ.

ಬೇಡ. ಹೂಳಿ. ಮೂರು ಅಡಿ ಆಳ, ಬಾವಿಯಿಂದ ದೂರ, ಮೇಲೆ ಸುಣ್ಣ ಮತ್ತು ಭಾರದ ಕಲ್ಲು. ತೆಳುವಾಗಿ ಹೂತರೆ ಅದೇ ನಾಯಿ ರಾತ್ರಿ ಬಂದು ಅಗೆಯುತ್ತದೆ.

## ವಾಪಸ್ ಗೂಡಿಗೆ

ಗೂಡಿಗೆ ಬಿಟ್ಟೆ. ಬೇರೆ ಕೋಳಿಗಳೇ ಗಾಯಕ್ಕೆ ಕುಕ್ತಿವೆ!

ಕುಕ್ಕುತ್ತವೆ. ಕೆಂಪು ಕಂಡರೆ ಅಕ್ಕ ತಂಗಿ ಅಂತ ನೋಡುವುದಿಲ್ಲ. ಗಾಯ ಒಣಗಿ ಚರ್ಮ ಕೂಡುವ ತನಕ ಬೇರೆ ಇಡಿ. ಆದರೆ ಪೂರ್ತಿ ಮರೆಮಾಡಬೇಡಿ. ವಾರಗಟ್ಟಲೆ ಕಾಣದೆ ಹೋದ ಕೋಳಿ ವಾಪಸ್ ಬಂದರೆ ಹೊಸಬಳು ಅಂತ ಹೊಡೆಯುತ್ತವೆ. ಸುಸ್ತು ಕಳೆದ ಮೇಲೆ ಹಗಲಲ್ಲಿ ಜಾಲರಿಯ ಆಚೆ ಈಚೆ ಕಾಣುವ ಹಾಗೆ ಇಡಿ, ನೊಣದ ಪರದೆ ಸಮೇತ. ಬಿಡುವ ದಿನ ಕತ್ತಲಾದ ಮೇಲೆ ಎಲ್ಲ ಕೂತಿರುವ ಕೋಲಿನ ಮೇಲೆ ಮೆಲ್ಲಗೆ ಕೂರಿಸಿ. ಹುಂಜ ಇದ್ದರೆ ಅವನನ್ನು ಇನ್ನೂ ಕೆಲವು ವಾರ ದೂರ ಇಡಿ. ಅವನು ಹತ್ತುವುದೇ ಬೆನ್ನಿನ ಮೇಲೆ, ಉಗುರು ತಾಗಿದರೆ ಒಣಗಿದ ಗಾಯ ಮತ್ತೆ ಬಾಯಿ ಬಿಡುತ್ತದೆ.

ಮೊಟ್ಟೆ ನಿಂತೇ ಹೋಯ್ತು. ಯಾವಾಗ ಶುರು ಮಾಡುತ್ತೆ?

ಹೆದರಿದ ಕೋಳಿ ಮೊದಲು ನಿಲ್ಲಿಸುವುದು ಮೊಟ್ಟೆಯನ್ನೇ. ಕಚ್ಚಿಸಿಕೊಳ್ಳದ ಕೋಳಿಗಳೂ ನಿಲ್ಲಿಸುತ್ತವೆ. ಮೊದಲೆರಡು ಮೊಟ್ಟೆ ಚಿಪ್ಪಿಲ್ಲದೆ ಬಲೂನಿನಂತೆ ಬರಬಹುದು. ಹೆಚ್ಚಿನವು ಎರಡು ಮೂರು ವಾರದಲ್ಲಿ ಸರಿಹೋಗುತ್ತವೆ. ಕೆಲವು ಪುಕ್ಕ ಉದುರಿಸಲು ಶುರು ಮಾಡಿದರೆ ಒಂದೆರಡು ತಿಂಗಳು ಮರೆತುಬಿಡಿ. ಹೊಟ್ಟೆ ಊದಿ, ಪೆಂಗ್ವಿನ್ ಹಾಗೆ ನೆಟ್ಟಗೆ ನಿಲ್ಲುತ್ತಿದ್ದರೆ ಮಾತ್ರ ಒಳಗೆ ಮೊಟ್ಟೆ ಒಡೆದಿರಬಹುದು, ತೋರಿಸಿ. ಔಷಧ ಕೊಟ್ಟಿದ್ದರೆ ಡಾಕ್ಟರ್ ಹೇಳಿದಷ್ಟು ದಿನ ಮೊಟ್ಟೆ ತಿನ್ನಬೇಡಿ, ಮಾರಲೂ ಬೇಡಿ.

ಬೆನ್ನು ಬೋಳಾಗಿದೆ. ಪುಕ್ಕ ಮತ್ತೆ ಬರುತ್ತಾ?

ಬುಡಸಮೇತ ಕಿತ್ತಿದ್ದರೆ ಬೇಗ ಬರುತ್ತದೆ, ಒಂದೆರಡು ತಿಂಗಳಲ್ಲಿ. ಅರ್ಧಕ್ಕೆ ಮುರಿದಿದ್ದರೆ ಮುಂದಿನ ಪುಕ್ಕ ಉದುರಿಸುವ ಕಾಲದವರೆಗೂ ಆ ಮೋಟು ಹಾಗೇ ಇರುತ್ತದೆ. ವಿಚಿತ್ರ, ಆದರೆ ಹಾಗೇ. ಪುಕ್ಕ ಬಹುಪಾಲು ಪ್ರೋಟೀನ್, ಹಾಗಾಗಿ ಬೇಯಿಸಿದ ಮೊಟ್ಟೆ, ನೆನೆಸಿದ ಕಡಲೆ, ಒಣಮೀನಿನ ಪುಡಿ ಸ್ವಲ್ಪ ಕೊಡಿ. ಉಪ್ಪು ಹಾಕಿದ ಮೀನಾದರೆ ಬೇಡ.

## ಪಕ್ಕದ ಮನೆ, ನಾಯಿ, ಬೇಲಿ

ಅದೇ ನಾಯಿ ಮತ್ತೆ ಬರುತ್ತಾ?

ಬರುತ್ತದೆ. ಹಸಿವಿಗಲ್ಲ, ಆಟಕ್ಕೆ. ಓಡುವ, ಕಿರುಚುವ, ರೆಕ್ಕೆ ಬಡಿಯುವ ವಸ್ತುವಿಗಿಂತ ಒಳ್ಳೆ ಆಟಿಕೆ ನಾಯಿಗೆ ಇನ್ನೇನಿದೆ? ಮೊದಲ ಎರಡು ವಾರ ಕೋಳಿಗಳನ್ನು ಹೊರಗೆ ಬಿಡಲೇಬೇಡಿ.

ಕೋಳಿ ಜಾಲರಿ ಹಾಕಿದ್ವಿ, ಹರಿದು ಒಳಗೆ ಬಂತು. ಇನ್ನೇನು ಹಾಕೋದು?

ಆರು ಮೂಲೆಯ ತೆಳು ಜಾಲರಿ ಕೋಳಿಯನ್ನು ಒಳಗೆ ಇಡುತ್ತದೆ. ನಾಯಿಯನ್ನು ಹೊರಗೆ ಇಡುವುದಿಲ್ಲ. ಬೆಸುಗೆ ಹಾಕಿದ, ಅರ್ಧ ಇಂಚಿನ ಕಣ್ಣಿರುವ ದಪ್ಪ ತಂತಿಯ ಜಾಲರಿ ಬೇಕು. ದುಬಾರಿ, ಅದಕ್ಕೆ ಇಡೀ ಹಿತ್ತಲಿಗೆ ಬೇಡ, ಗೂಡು ಮತ್ತು ಸಣ್ಣ ಅಂಗಳಕ್ಕೆ ಸಾಕು.

ನಾಯಿ ಹಾರುವುದಕ್ಕಿಂತ ಅಗೆಯುವುದು ಜಾಸ್ತಿ. ನಮ್ಮಲ್ಲಿ ಬಂದದ್ದೂ ಕೆಳಗಿನಿಂದಲೇ. ಕಾಂಪೌಂಡು ಕೆಂಪು ಚಿರೆಕಲ್ಲಿನದು, ಗಟ್ಟಿ. ಆದರೆ ನೀರು ಹೋಗಲು ಬಿಟ್ಟ ಕಿಂಡಿಯ ಬುಡದ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋಗಿತ್ತು. ಒಂದು ಮೊಳದ ಸಂದು. ಈಗ ಗೂಡಿನ ಸುತ್ತ ಹೊರಮುಖವಾಗಿ ಒಂದೂವರೆ ಅಡಿ ಜಾಲರಿಯನ್ನು ನೆಲದ ಮೇಲೆ ಮಲಗಿಸಿ ಚಿರೆಕಲ್ಲು ಹೇರಿದ್ದೇನೆ. ನಾಯಿ ಬೇಲಿಯ ಬುಡದಲ್ಲೇ ಅಗೆಯುತ್ತದೆ, ಉಗುರಿಗೆ ಜಾಲರಿ ಸಿಕ್ಕು ಬಿಟ್ಟುಬಿಡುತ್ತದೆ. ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಹೊಳೆಯುವುದಿಲ್ಲ. ಮುಂಗುಸಿ, ಪುನುಗು ಬೆಕ್ಕು ಇಳಿಯದ ಹಾಗೆ ಮೇಲೂ ಮುಚ್ಚಿ. ಪ್ರತಿ ದೊಡ್ಡ ಮಳೆ ಆದ ಮೇಲೆ ಬೇಲಿಯ ಬುಡ ಸುತ್ತಿ ಬನ್ನಿ.

ಪಕ್ಕದವರು "ನಾಯಿ ಅಂದ್ಮೇಲೆ ಹಾಗೇ" ಅಂತಾರೆ. ಪೊಲೀಸ್‌ಗೆ ಹೋಗ್ಲಾ?

ಮೊದಲು ಫೋಟೋ ತೆಗೆದಿಡಿ: ಗಾಯ, ಸತ್ತ ಕೋಳಿ, ಸಂದು, ಸಾಧ್ಯವಾದರೆ ನಾಯಿ. ಡಾಕ್ಟರ ಚೀಟಿ ಮತ್ತು ಬಿಲ್ ಇಟ್ಟುಕೊಳ್ಳಿ. ಆಮೇಲೆ ಸಿಟ್ಟು ಇಳಿದ ಮೇಲೆ ಹೋಗಿ. ನಾನು ಅದೇ ರಾತ್ರಿ ಹೋಗಿ ಕೂಗಾಡಿದೆ, ಕೆಲಸ ಕೆಟ್ಟಿತು. ಅವರಿಗೂ ಹಟ ಬಂತು. ವಾರ ಬಿಟ್ಟು ಅವರ ಜಗಲಿಯಲ್ಲಿ, ಅಂದರೆ ಇಲ್ಲಿನವರ ಬಲ್ಕಾಂವ್‌ನಲ್ಲಿ ಕೂತು, ನನ್ನ ಅರೆಬರೆ ಕೊಂಕಣಿಯಲ್ಲಿ ಮಾತಾಡಿ, ಫೋಟೋ ತೋರಿಸಿದೆ. ಹಸಿರು ತೊಡೆಯ ಕೆಂಚಿಯನ್ನು ನೋಡಿ ಮನೆಯ ಅಜ್ಜಿ ತಾನೇ ಮಗನಿಗೆ ಬೈದಳು. ಕಿಂಡಿಗೆ ಸರಳು ಹಾಕಿಸುವ ಅರ್ಧ ಖರ್ಚು ಅವರದಾಯಿತು. ಕೋಳಿಯ ದುಡ್ಡು ಬರಲಿಲ್ಲ, ನಾನೂ ಕೇಳಲಿಲ್ಲ. ಬಗ್ಗದಿದ್ದರೆ ಪಂಚಾಯತಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪೊಲೀಸ್ ಠಾಣೆ ಅದರ ನಂತರ.

ಬೀದಿನಾಯಿ ಆದ್ರೆ? ವಿಷ ಇಟ್ಟುಬಿಡಿ ಅಂತಾರೆ.

ಇಡಬೇಡಿ. ವಿಷ ಇಟ್ಟು ಪ್ರಾಣಿ ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಕೆಳಗೆ ಐದು ವರ್ಷದವರೆಗೆ ಜೈಲು ತರಬಲ್ಲ ಅಪರಾಧ. ಅದನ್ನು ತಿನ್ನುವುದು ಯಾರ ನಾಯಿಯೋ, ಯಾರ ಬೆಕ್ಕೋ, ನಿಮ್ಮದೇ ಕೋಳಿಯೋ ಗೊತ್ತಿಲ್ಲ. ಸ್ಥಳೀಯ ಸಂಸ್ಥೆಗೆ ಹೇಳಿ ಸಂತಾನಹರಣ ಮತ್ತು ಲಸಿಕೆ ಮಾಡಿಸಬಹುದು. 2023ರ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಆಮೇಲೆ ಅದೇ ಜಾಗಕ್ಕೆ ತಂದು ಬಿಡುತ್ತಾರೆ. ಅಂದರೆ ನಾಯಿ ಅಲ್ಲೇ ಇರುತ್ತದೆ ಅಂತ ಲೆಕ್ಕ ಹಾಕಿಯೇ ಜಾಲರಿ ಕೊಳ್ಳಿ.

ಬಾಗಿಲು ತೆರೆದ್ರೂ ಕೋಳಿಗಳು ಹೊರಗೇ ಬರ್ತಿಲ್ಲ. ಏನ್ ಮಾಡೋದು?

ಎಳೆದು ಹಾಕಬೇಡಿ. ಮೇವು ನೀರು ಒಳಗೇ ಇಡಿ, ಬಾಗಿಲು ತೆರೆದಿಡಿ, ನೀವು ಹತ್ತಿರ ಕೂತಿರಿ. ಬಾಗಿಲು ತೆರೆದಿಡಲು ಶುರು ಮಾಡಿದ ಮೇಲೂ ನಮ್ಮವು ಹನ್ನೊಂದು ದಿನ ಹೊಸಿಲು ದಾಟಲಿಲ್ಲ. ಹನ್ನೆರಡನೇ ದಿನ ಬೆಳಗ್ಗೆ ಬ್ರೆಡ್ ಮಾರುವ ಪದೇರ ಸೈಕಲ್ ಹಾರ್ನ್ ಒತ್ತುತ್ತಾ ಬಂದ. ಪೊಯ್ ಬ್ರೆಡ್ ಕೊಂಡು ಮೆಟ್ಟಿಲ ಮೇಲೆ ಕೂತು ಮುರಿಯುತ್ತಿದ್ದೆ. ಕೆಂಚಿ ಅರ್ಧ ಬೋಳು ಬೆನ್ನಿನಲ್ಲಿ ಹೊರಗೆ ಬಂದು, ಒಂದು ಕಾಲೆತ್ತಿ ಕಾಂಪೌಂಡಿನ ಕಡೆ ಸುಮಾರು ಹೊತ್ತು ನೋಡಿದಳು. ಆಮೇಲೆ ನನ್ನ ಕೈಯಿಂದಲೇ ತುಂಡು ಕಿತ್ತುಕೊಂಡು ಓಡಿದಳು. ಉಳಿದ ನಾಲ್ಕೂ ಅವಳ ಹಿಂದೆ.